ಬೀಗರ ಜೊತೆ ಹಡಗಿನಲ್ಲಿ ವಟ್ಟ ಉಳಿಸಿದ್ದು

ರೊಕ್ಕ ಉಳಿಸಲು ಹೊರಟಾಗಲೆಲ್ಲ ನನ್ನ ಮರ್ಯಾದೆಗೆ ಏನಾದರೊಂದು ಆಗುತ್ತದೆ. ಉಮರ್ಗಾದ ಪೇಟೆಯಲ್ಲಾದರೆ ನಾಲ್ಕು ಮಂದಿ ನಕ್ಕು ಮರೆಯುತ್ತಾರೆ. ಈ ಸಲ ಆದದ್ದು ನಡುಸಮುದ್ರದಲ್ಲಿ, ಅದೂ ಹೊಸ ಬೀಗರ ಎದುರಿಗೆ.

ತೊಂಬತ್ಮೂರರಲ್ಲಿ ನಮ್ಮ ಭಾಗವನ್ನು ಕೆಡವಿದ ಭೂಕಂಪದ ನಂತರ ಊರೂರಲ್ಲಿ ಮನೆಗಳು ಮತ್ತೆ ಏಳತೊಡಗಿದಾಗ ಸಿಮೆಂಟಿನ ಅಂಗಡಿ ಹಾಕಿದವನು ನಾನು. ಬೀಗರದು ಉದಗೀರದಲ್ಲಿ ಅದೇ ಧಂದೆ. ಮಗಳನ್ನು ಅವರ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಸಿಮೆಂಟ್ ಕಂಪನಿಯವರು, ಹೆಚ್ಚು ಮಾಲು ಮಾರಿದವರನ್ನು ಜೋಡಿಯಾಗಿ ಕರೆದೊಯ್ದು ಸಿಂಗಾಪುರದಲ್ಲಿ ಹಡಗು ಹತ್ತಿಸುತ್ತೇವೆ ಎಂದರು. ಅವರಲ್ಲಿ ನಾವೂ ಇದ್ದೆವು, ಬೀಗರೂ ಇದ್ದರು. ಊಟ, ವಸತಿ ಪುಕ್ಕಟೆ. ಮೇಲಿನ ಖರ್ಚು ನಮ್ಮದು, ಅದೂ ಕಾರ್ಡಿನಲ್ಲೇ.

ನನಗೆ ಎರಡು ಹೆದರಿಕೆ ಹತ್ತಿದವು. ಒಂದು, ಹೊರದೇಶದಲ್ಲಿ ಕಾರ್ಡು ತಿಕ್ಕಿದಾಗಲೆಲ್ಲ ಬೀಳುವ ವಟ್ಟ, ಅಂದರೆ ರೊಕ್ಕ ಬದಲಿಸಿದ್ದಕ್ಕೆ ಹಿಡಿದುಕೊಳ್ಳುವ ಪಾಲು. ನಿಜಾಮನ ಕಾಲದಲ್ಲಿ ನಮ್ಮಜ್ಜ ಆ ಸರ್ಕಾರದ 'ಹಾಲಿ' ರೂಪಾಯಿ ಒಯ್ದು ಸೊಲ್ಲಾಪುರದಲ್ಲಿ ಇಂಗ್ರೇಜಿ ರೂಪಾಯಿ ಮಾಡಿಸುವಾಗ ವಟ್ಟ ಹಿಡಿದುಕೊಂಡರೆಂದು, ಮನೆಗೆ ಬಂದು ಊಟ ಬಿಡುತ್ತಿದ್ದನಂತೆ. ಆ ರಕ್ತವೇ ನನ್ನದೂ. ಎರಡು, ವಟ್ಟ ಉಳಿಸಲು ಹೋಗಿ ಬೀಗರ ಕಣ್ಣಿಗೆ ಜಿಪುಣನಾಗಿ ಕಂಡರೆ, ಆ ಮಾತನ್ನು ನನ್ನ ಮಗಳು ಆ ಮನೆಯಲ್ಲಿ ಜನ್ಮವಿಡೀ ಕೇಳಬೇಕು. ಎರಡನ್ನೂ ಒಟ್ಟಿಗೆ ತಪ್ಪಿಸುವುದು ಹೇಗೆಂದು ಯೋಚಿಸಿ ಯೋಚಿಸಿ ಹೊರಡುವ ಮೊದಲೇ ಸೊರಗಿದೆ.

ನೀರು ಯಾವ ದೇಶದ್ದು

ಬ್ಯಾಂಕಿಗೆ ಹೋದೆ. ಅಲ್ಲಿನ ಸಾಹೇಬರು ಕಾಸಾರಶಿರಸಿಯವರು, ಮಾತು ನಮ್ಮದೇ.

"ಯಾವ ದೇಶಕ್ಕ ಹೊಂಟೀರಿ, ಸಾವಕಾರ್ರ?"

"ದೇಶಕ್ಕಲ್ರೀ, ಹಡಗಿಗಿ."

"ಹಡಗ ಎಲ್ಲಿರ್ತದ?"

"ನೀರಾಗ."

ಅವರು ವಟ್ಟವಿಲ್ಲದ ಬೇರೊಂದು ಕಾರ್ಡು ಮಾಡಿಸಿಕೊಟ್ಟರು. "ಒಂದ ಮಾತ ಧ್ಯಾನದಾಗ ಇಡ್ರಿ. ಮಷೀನು ರೂಪಾಯಿ ಬೇಕೋ, ಅಲ್ಲಿನ ರೊಕ್ಕ ಬೇಕೋ ಅಂತ ಕೇಳ್ತದ. ರೂಪಾಯಿ ಒತ್ತಬ್ಯಾಡ್ರಿ. ಒತ್ತಿದ್ರ ರೂಪಾಯಿ ದರ ಅಂಗಡಿಯವರು ಹೇಳಿದ್ದೇ ಖರೆ, ವಟ್ಟ ಅದರಾಗೇ ಸೇರಿರ್ತದ. ಈ ಕಾರ್ಡ ಇದ್ದೂ ಇಲ್ಲದಂಗ."

ನನ್ನ ಜೀವ ಇನ್ನೂ ಕೇಳಲಿಲ್ಲ. "ಸಾಹೇಬ್ರ, ಸಮುದ್ರ ಯಾರ ದೇಶಾನೂ ಅಲ್ಲ. ನಡುನೀರಾಗ ತಿಕ್ಕಿದ್ರ ವಟ್ಟ ಯಾರಿಗಿ ಕೊಡಬೇಕ್ರೀ? ನೀರಿಗೇನ್ ಕೊಡೂದು?"

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾಕಣಿ ಡ್ಯಾಮಿನ ನೀರಿಗಿ ರೈತರು ನೀರಪಟ್ಟಿ ಕಟ್ತಾರಿಲ್ಲೋ? ಹಂಗ ತಿಳಕೋರಿ."

ಬೇಡದ ಆನೆ

ಹಡಗಿನಲ್ಲಿ ಏನು ಮುಟ್ಟಿದರೂ ಡಾಲರಿನಲ್ಲಿ ಬಿಲ್ಲಿಗೆ ಏರುತ್ತದೆ ಎಂದು ನಾನೇ ಹೆಂಡತಿಗೆ ಹೇಳಿದ್ದೆ. ಆಕೆ ಕೋಣೆಯಲ್ಲಿ ಕುರ್ಚಿಯ ಮೇಲೂ ಅನುಮಾನದಿಂದಲೇ ಕೂತಳು. ಸಣ್ಣ ಫ್ರಿಜ್ಜಿನ ಬಾಗಿಲಿಗೆ ನನ್ನ ಶಲ್ಯ ಕಟ್ಟಿ ಗಂಟು ಹಾಕಿದಳು.

ಮೊದಲ ಸಂಜೆ ಊಟ ಮುಗಿಸಿ ಬಂದರೆ ಹಾಸಿಗೆಯ ಮೇಲೆ ಒಂದು ಆನೆ. ಕೋಣೆ ಸ್ವಚ್ಛ ಮಾಡುವಾತ ಟವೆಲ್ ಮಡಚಿ, ಸೊಂಡಿಲು ಎತ್ತಿ ನಿಲ್ಲಿಸಿ ಹೋಗಿದ್ದ.

"ನಾವ್ ಆನಿ ಹೇಳಿಲ್ಲ," ಎಂದಳು ಹೆಂಡತಿ. "ಬಿಲ್ಲಿಗಿ ಹಚ್ಚಿದ್ರ?"

ತಡಮಾಡದೆ ಆನೆಯನ್ನು ಬಿಚ್ಚಿ, ಕೊಡವಿ, ನೀಟಾಗಿ ಘಡಿ ಮಾಡಿ ಬಾಗಿಲ ಹೊರಗಿಟ್ಟಳು. ಆ ಪುಣ್ಯಾತ್ಮ ತನ್ನ ಆನೆ ಇವರಿಗೆ ಹಿಡಿಸಲಿಲ್ಲ ಎಂದುಕೊಂಡಿರಬೇಕು. ಮರುದಿನ ಹಂಸ ಮಾಡಿಟ್ಟ. ಆಕೆ ಅದನ್ನೂ ಬಿಚ್ಚಿದಳು. ಅದರ ಮರುದಿನ ನನ್ನ ಕನ್ನಡಕ ಹಾಕಿಕೊಂಡ ಮಂಗವೊಂದು ದೀಪಕ್ಕೆ ಜೋತುಬಿದ್ದಿತ್ತು.

ಅಷ್ಟರಲ್ಲಿ ಬೀಗತಿ ಮಾತಾಡಿಸಲು ಬಂದರು. ತಮ್ಮ ಕೋಣೆಯ ಪ್ರಾಣಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರಂತೆ, ತಮ್ಮ ಮಗಳ ಮಕ್ಕಳಿಗೆ ತೋರಿಸಲು ಫೋಟೊ ತೆಗೆದಿದ್ದಾರಂತೆ. ನಮ್ಮ ಕೋಣೆಯಲ್ಲಿ ಕಂಡದ್ದು ಮಂಗನ ಒಂದು ಕಾಲು ಮಾತ್ರ, ಅದೂ ನನ್ನ ಹೆಂಡತಿಯ ಕೈಯಲ್ಲಿ.

ಸಣ್ಣ ಅಂಕಿ

ಪೆನಾಂಗಿನಲ್ಲಿ ಇಳಿದಾಗ ಬಿಸಿಲು ನಮ್ಮೂರಿನದೇ. ನಾಲ್ವರೂ ಒಂದು ಅಂಗಡಿಯಲ್ಲಿ ಎಳನೀರು ಕುಡಿದು ಛತ್ರಿ ಕೊಂಡೆವು. ಹೆಣ್ಣು ಕೊಟ್ಟವನು ಇರುವಾಗ ಬೀಗರು ಜೇಬಿಗೆ ಕೈ ಹಾಕುವಂತಿಲ್ಲ. ನಾನು ಮುಂದೆ ನುಗ್ಗಿ ಕಾರ್ಡು ಕೊಟ್ಟೆ.

ಮಷೀನಿನಲ್ಲಿ ಎರಡು ಸಾಲು ಬಂದವು. ರೂಪಾಯಿಯ ಸಾಲಿನಲ್ಲಿ ದಪ್ಪ ಅಂಕಿ, ಅಲ್ಲಿಯ ರಿಂಗಿಟ್ಟಿನ ಸಾಲಿನಲ್ಲಿ ಸಣ್ಣದು. ಸಾಹೇಬರ ಮಾತು ನೆನೆದು ರಿಂಗಿಟ್ ಒತ್ತಿದೆ. ಹೆಗಲ ಹಿಂದೆ ಬೀಗರ ಉಸಿರು ಕೇಳಿಸಿತು.

"ಇರಲಿ ಬಿಡ್ರಿ, ಬೀಗ್ರ," ಎಂದರು ಅವರು, ಭಾಳ ಮೆತ್ತಗೆ. "ಎರಡು ಅಂಕಿ ಇದ್ವು, ನೀವು ಸಣ್ಣದು ಒತ್ತಿದ್ರಿ. ನಮ್ಮ ಸಲುವಾಗಿ ಅಷ್ಟಾದ್ರೂ ಖರ್ಚ ಮಾಡಿದ್ರಲ್ಲ."

ನಾನು ವಿವರಿಸಲು ಬಾಯಿ ತೆರೆದೆ. ಎರಡೂ ಒಂದೇ ರೊಕ್ಕ ಎಂದು ಹೇಳಿದಷ್ಟೂ ನಾನು ತಪ್ಪು ಮುಚ್ಚಿಕೊಳ್ಳುವವನಂತೆ ಕಂಡೆ. ಆ ಸಂಜೆ ಹಡಗಿನಲ್ಲಿ ಹದಿನೆಂಟು ತರಹದ ಪಕ್ವಾನ್ನ ಇದ್ದವು. ನಾನು ಮೊಸರನ್ನ ಉಂಡು ಮಲಗಿದೆ.

ಕೌಂಟರಿನ ಜಗಳ

ಕೊನೆಯ ಮುಂಜಾನೆ ಲೆಕ್ಕ ಚುಕ್ತಾ ಮಾಡಬೇಕು. ಹೋದ ಮಾನ ತಿರುಗಿ ತರಲು ನನಗೆ ಒಂದೇ ದಾರಿ ಕಂಡಿತು: ಬೀಗರ ಬಿಲ್ಲು ನಾನೇ ಕಟ್ಟುವುದು. ಎಲ್ಲರಿಗಿಂತ ಮೊದಲು ಕೌಂಟರಿಗೆ ಹೋದೆ. ಬೀಗರು ಆಗಲೇ ಅಲ್ಲಿದ್ದರು, ನನ್ನ ಕೋಣೆಯ ನಂಬರು ಹೇಳುತ್ತಿದ್ದರು.

"ಬೀಗ್ರ, ಇದು ಸರಿ ಅಲ್ಲ. ಕಾರ್ಡ ಒಳಗ ಇಡ್ರಿ."

"ನನ್ನ ಆಣಿ ಅದ ನಿಮಗ, ಕೈ ತಗೀರಿ."

ಅವರು ನನ್ನ ಮಣಿಕಟ್ಟು ಹಿಡಿದರು, ನಾನು ಅವರ ಅಂಗಿಯ ತೋಳು ಹಿಡಿದೆ. ನಮ್ಮ ಕಡೆ ಯಾವ ಹೋಟೆಲಿನಲ್ಲಾದರೂ ದಿನಾ ನಡೆಯುವ ಕುಸ್ತಿ ಇದು, ಮಾಣಿ ಕೂಡ ತಿರುಗಿ ನೋಡುವುದಿಲ್ಲ. ಕೌಂಟರಿನ ಹುಡುಗಿ ಮಾತ್ರ ಬಿಳಿಚಿಕೊಂಡು ಫೋನು ಎತ್ತಿದಳು. ಇಬ್ಬರು ಪಹರೆಯವರು ಬಂದು ನಮ್ಮನ್ನು ಬೇರೆ ಬೇರೆ ಸೋಫಾದಲ್ಲಿ ಕೂರಿಸಿದರು.

ನಮ್ಮನ್ನು ಕರೆತಂದಿದ್ದ ಕಂಪನಿಯ ಅಧಿಕಾರಿ ಓಡಿ ಬಂದು, ಇಬ್ಬರೂ ತಾವೇ ಕೊಡುತ್ತೇವೆ ಎಂದು ಜಗಳಾಡುತ್ತಿದ್ದಾರೆ ಎಂದು ಬಿಡಿಸಿ ಹೇಳಿದರು. ಪಹರೆಯವನು ನಂಬಲಿಲ್ಲ. ಕೊಡುವುದಿಲ್ಲ ಎಂದು ಜಗಳಾಡುವವರನ್ನು ಮಾತ್ರ ಅವನು ನೋಡಿದ್ದ.

ಕೊನೆಗೆ ರಾಜಿ ಆಯಿತು. ಅವರ ಬಿಲ್ಲು ನಾನು, ನನ್ನ ಬಿಲ್ಲು ಅವರು.

ಮೊದಲು ನನ್ನ ಕೈಗೆ ಮಷೀನು ಬಂತು. ಮೇಲೆ ರೂಪಾಯಿ, ಕೆಳಗೆ ಡಾಲರು. ಬೀಗರು ಕತ್ತು ಚಾಚಿ ನೋಡುತ್ತಿದ್ದರು. ಅಜ್ಜನನ್ನು ನೆನೆದೆ, ಸಾಹೇಬರನ್ನು ನೆನೆದೆ, ಆಮೇಲೆ ಮಗಳನ್ನು ನೆನೆದು ಕಣ್ಣು ಮುಚ್ಚಿ ದಪ್ಪ ಅಂಕಿಯನ್ನೇ ಒತ್ತಿದೆ. ವಟ್ಟ ಹೋದರೆ ಹೋಗಲಿ, ಹುಡುಗಿ ಸುಖವಾಗಿರಲಿ.

ಬೀಗರು ಮಷೀನು ತೆಗೆದುಕೊಂಡರು. ಒಂದು ಕ್ಷಣವೂ ಯೋಚಿಸದೆ ಡಾಲರು ಒತ್ತಿದರು.

ನನ್ನ ಮುಖ ನೋಡಿ ಹೇಳಿದರು: "ನೀವು ಸಣ್ಣ ಅಂಕಿ ಒತ್ತಿದ್ದು ನಿನ್ನಿ ಫೋನಿನ್ಯಾಗ ಸೊಸಿಗಿ ಹೇಳ್ದೆ. ಆಕಿ ನಕ್ಕಳು. 'ಮಾಮಾ, ಅದೇ ಖರೆ. ರೂಪಾಯಿ ಒತ್ತಿದ್ರ ಲುಕ್ಸಾನ ಆಗ್ತದ,' ಅಂದ್ಲು. ನಿಮಗೂ ನೆನಪ ಮಾಡಬೇಕಂತಿದ್ದೆ, ಅಷ್ಟರಾಗ ನೀವು ಒತ್ತೇ ಬಿಟ್ರಿ."

ಆಮೇಲೆ, ಗದ್ದಲ ಕೇಳಿ ಬಂದು ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿ, "ನಮ್ಮ ಸೊಸಿ ಭಾಳ ಶ್ಯಾಣ್ಯಾಕಿ ಅದಾಳ್ರೀ. ಯಾರ ಮ್ಯಾಲ ಹೋಗ್ಯಾಳೋ ಏನೋ," ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಸೆರಗು ಸರಿಮಾಡಿಕೊಂಡಳು.

"ನನ್ನ ಮ್ಯಾಲ್ರೀ."