ಎದುರುಮನೆ ಯಜಮಾನನ ಮೂರು ಸೈಕಲ್ಲು

ನಾನು ಯಾರ ಮನೆ ವಿಷಯಕ್ಕೂ ಹೋಗೋಳಲ್ಲ. ಆದರೆ ನಮ್ಮ ಜಗಲಿ ಮೇಲೆ ಕೂತರೆ ಎದುರುಮನೆ ಬಾಗಿಲು ನೆಟ್ಟಗೆ ಕಾಣುತ್ತೆ, ಅದಕ್ಕೆ ನಾನೇನು ಮಾಡಲಿ? ರೇಷ್ಮೆಗೆ ಒಳ್ಳೆ ರೇಟು ಬಂದ ಕಾಲದಲ್ಲಿ ಅಲ್ಲಿ ದಿನಕ್ಕೊಂದು ನಡೀತಿತ್ತು.

೧. ಕಬ್ಬಿಣದ್ದು

ಆ ಮನೆ ಯಜಮಾನ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ ನೆಟ್ಟಗೆ ಮನೆಗೆ ಬರ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಗೂಡು ಕೊಂಡು ನೂಲು ತೆಗೆಯೋ ಒಬ್ಬಳ ಮನೆಗೆ ಹೋಗಿ ಬರ್ತಿದ್ದ. ಬಸ್ಸಲ್ಲಿ ಹೋಗೋ ಹಾಗಿಲ್ಲ, ಕಂಡಕ್ಟರು ಹೆಂಡತಿಯ ತಮ್ಮ. ಸೈಕಲ್ಲೇ ಗತಿ. ಅದೋ ಡಬಲ್ ಬಾರಿನ ಕಬ್ಬಿಣ, ಅದರ ಕಿರಕಿರ ಸದ್ದಿಗೆ ಇಡೀ ಬೀದಿ ಬಾಗಿಲಿಗೆ ಬರ್ತಿತ್ತು.

"ಬಲು ಭಾರ ಕಣಮ್ಮಿ. ತುಳುದು ತುಳುದು ಮಂಡಿ ಸವುದೋಯ್ತು. ಒಸಿ ಹಗೂರದ್ದು ಬೇಕು" ಅಂದ ಹೆಂಡತಿಗೆ.

"ರಾಮನಗರ ಮೂರೇ ಮೈಲಿ. ಮಂಡಿ ಯಾವೂರಲ್ಲಿ ಸವೆಸ್ಕಂಡ್ ಬತ್ತೀಯ?" ಅಂದಳು ಅವಳು.

೨. ಅಲ್ಯೂಮಿನಿಯಂ

ಬೆಂಗಳೂರಿಂದ ಹಳೇ ಅಲ್ಯೂಮಿನಿಯಂ ಫ್ರೇಮು ತಂದು ಚಕ್ರ ಜೋಡಿಸಿದ. ಒಂದೇ ಕೈಲಿ ಎತ್ತಿ ಬೀದಿಗೆಲ್ಲ ತೋರಿಸಿದ. ಎರಡು ಮೂಟೆ ಗೂಡು ಹೇರಿ ರೈಲ್ವೆ ಗೇಟಿನ ಉಬ್ಬು ಹತ್ತಿದ್ದೇ ತಡ, ನಡುವಿಗೆ ಮುರೀತು. ಬೆಸುಗೆ ಅಂಗಡಿಗೆ ಒಯ್ದರೆ ಅಲ್ಲಿಯವನು ಬೆರಳಲ್ಲಿ ತಟ್ಟಿ ನೋಡಿ, "ಅಣ್ಣೋ, ಇದು ನನ್ನ ಕೈಲಾಗಲ್ಲ. ಸಂತೇಲಿ ಪಾತ್ರೆ ತೂತು ಮುಚ್ಚೋನು ಕೂತವ್ನೆ, ಅವನಿಗೆ ತೋರ್ಸು" ಅಂದನಂತೆ.

೩. ಬಿದಿರು

ಆಮೇಲೆ ಚಂದ್ರಂಕಿ ಹೆಣೆಯೋನ ಹತ್ತಿರ ಹೋದ. ಚಂದ್ರಂಕಿ ಅಂದರೆ ರೇಷ್ಮೆಹುಳ ಗೂಡು ಕಟ್ಟೋ ಬಿದಿರಿನ ತಟ್ಟಿ. ಹೆಣೆಯೋನು ಗಟ್ಟಿ ಗಳ ಕೂಡಿಸಿ, ಸಂದಿಗೆಲ್ಲ ದಬ್ಬೆ ಹೆಣೆದು ಫ್ರೇಮು ಮಾಡಿಕೊಟ್ಟ. ಹಗುರ, ಗಟ್ಟಿ, ಸದ್ದೂ ಇಲ್ಲ. ಯಜಮಾನ ಹೋದದ್ದು ಬಂದದ್ದು ತಿಳೀದೆ ನನಗೆ ಎರಡು ವಾರ ಅನ್ನ ರುಚಿಸಲಿಲ್ಲ.

ಅಷ್ಟರಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದವು, ಚಂದ್ರಂಕಿ ಸಾಲಲಿಲ್ಲ. ಹೆಂಡತಿ ನನ್ನನ್ನು ಕರೆದಳು. "ದೊಡ್ಡವ್ವ, ಅದೂ ಬಿದ್ರೇ ಅಲ್ವಾ?" ಅಂತ ಸೈಕಲ್ಲು ತೋರಿಸಿದಳು. ಇಬ್ಬರೂ ಕೂತು ಅದರ ಮೇಲೆ ಒಂದೊಂದೇ ಹುಳ ಬಿಟ್ಟೆವು.

ಯಜಮಾನ ತಲೆಗೆ ಎಣ್ಣೆ ಹಚ್ಚಿ, ಬಿಳಿ ಪಂಚೆ ಉಟ್ಟು ಬಂದು ನೋಡಿದರೆ ಫ್ರೇಮಿನ ತುಂಬ ಹುಳ ತಲೆ ಆಡಿಸ್ತಾ ನೂಲು ಬಿಡ್ತಿವೆ. ಗೂಡು ಕಟ್ಟೋ ಹುಳಾನ ಅಲುಗಿಸಿದರೆ ಬೆಳೆ ಕೆಟ್ಟೀತು. ಅವನೂ ರೇಷ್ಮೆಯವನೇ, ಸೈಕಲ್ಲು ಮುಟ್ಟಲಿಲ್ಲ. ಐದು ದಿನ ಜಗಲಿ ಮೇಲೆ ಕೂತ.

ಆರನೇ ದಿನ ಚನ್ನಪಟ್ಟಣದವಳೇ ಬಂದಳು, ಅದೂ ಅವನ ಬಾಮೈದನ ಬಸ್ಸಲ್ಲೇ. ಜಗಳ ನೋಡೋಕೆ ಬೀದಿಯೆಲ್ಲ ನಿಂತಿತು. ನಾನಂತೂ ಒಲೆ ಆರಿಸಿ ಬಂದಿದ್ದೆ. ಅವಳು ನೆಟ್ಟಗೆ ಒಳಕ್ಕೆ ಹೋಗಿ, ಸೈಕಲ್ಲಿಂದ ಒಂದು ಗೂಡು ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದಳು.

"ಎಂಥಾ ಗಟ್ಟಿ ಗೂಡಕ್ಕಾ. ಅಷ್ಟೂ ನಮಗೇ ಕೊಟ್ಬುಡಿ" ಅಂದಳು ಹೆಂಡತಿಗೆ.

ಹೆಂಡತಿ ಅವಳನ್ನ ಮೇಲಿಂದ ಕೆಳಗೆ ನೋಡಿದಳು. "ಹಂಗಾರೆ ನೀನೂ ಕೈ ಹಾಕು, ಬೇಗ ಆಗ್ಲಿ" ಅಂದಳು.

ಇಬ್ಬರೂ ಅಕ್ಕಪಕ್ಕ ಕೂತು ಗೂಡು ಬಿಡಿಸೋಕೆ ಶುರು ಮಾಡಿದರು. ಯಜಮಾನ ಏನೋ ಹೇಳೋಕೆ ಬಾಯಿ ತೆರೆದ.

"ಚೀಲ ನೆಟ್ಟಗೆ ಹಿಡ್ಕೊ" ಅಂದರು ಇಬ್ಬರೂ.