ಮೊಟ್ಟೆಯಾಗಬೇಕಿದ್ದ ದಾರಿ

ಆಕಾಶದ ಕಪ್ಪುಕುಳಿಗಳ, ಅಂದರೆ ಬ್ಲ್ಯಾಕ್ ಹೋಲ್‌ಗಳ, ವಿಷಯಕ್ಕೆ ಬಾಯಿ ತೆರೆದರೆ ಮುಚ್ಚದ ಆ ಸಂಶೋಧಕನಿಗೆ ಕಚೇರಿಯವರು ಇಟ್ಟ ಹೆಸರು ಕುಳಿರಾಯ. ಲೈಬ್ರರಿ ಮೇಡಂ ಎದುರಿಗೆ ಬಂದರೆ ಮಾತ್ರ ಬಾಯಿಗೆ ಬೀಗ. 'ನನ್ನನ್ನು ಮದುವೆಯಾಗ್ತೀರಾ?' ಎಂದು ಇವತ್ತು ಕೇಳಿಯೇಬಿಡಬೇಕೆಂದು, ಸಂಸ್ಥೆ ನೋಡಲು ಜನ ಬರುವ ದಿನವೇ ಒಂದು ಆಟ ಹೂಡಿದ.

ಸಭಾಂಗಣದಲ್ಲಿ ಕರಿ ಬಟ್ಟೆ ಹಾಸಿದ. ನಡೆದ ದಾರಿ ಬೆಳ್ಳಗೆ ಮೂಡುವಂತೆ ಇಬ್ಬರು ಚಪ್ಪಲಿಗೆ ಸುಣ್ಣದ ಪುಡಿ ಮೆತ್ತಿಕೊಂಡು, ಕಪ್ಪುಕುಳಿಗಳ ಹಾಗೆ ಒಬ್ಬರ ಸುತ್ತ ಒಬ್ಬರು ಸುತ್ತಬೇಕು. ಒಬ್ಬರು ಮೇಡಂ, ಇನ್ನೊಬ್ಬ ತಾನು. ಹತ್ತಿರ ಬಂದಾಗ ಮೆಲ್ಲಗೆ ಕೇಳಿದರಾಯಿತು!

"ನೀವು ಸುತ್ತಿದ್ರೆ ವಿವರಿಸೋಕೆ ನಿಮ್ಮ ತಾತ ಬರ್ತಾರೇನ್ರೀ?" ಎಂದು ನಿರ್ದೇಶಕರು ಮೈಕನ್ನು ಅವನ ಕೈಗೆ ತುರುಕಿ, ಆ ಕಡೆ ಹೋಗುತ್ತಿದ್ದ ಗುಮಾಸ್ತನನ್ನು ಹಿಡಿದು ನಿಲ್ಲಿಸಿದರು.

"ಬೇಜಾರು ಮಾಡ್ಕೋಬೇಡಪ್ಪಾ," ಎಂದು ಅವನ ಮನಸ್ಸು ಬಲ್ಲ ಟೈಪಿಸ್ಟ್ ಅಕ್ಕ ಪಿಸುಗುಟ್ಟಿದಳು. "ಆ ಗುಮಾಸ್ತ ಮೇಡಂ ಕಡೆ ತಲೆ ಎತ್ತಿಯೂ ನೋಡಲ್ಲ. ಆಟ ಮುಗಿದ ಮೇಲೆ ಕೇಳು."

ಕುಳಿರಾಯ ಗಂಟಲು ಸರಿಮಾಡಿಕೊಂಡ. "ಎರಡು ಕುಳಿಗಳು ಒಂದಾಗೋ ಮುಂಚೆ ಸುತ್ತೋ ದಾರಿ ಅವುಗಳ ಪೂರ್ವಾಪರ ಹೇಳುತ್ತೆ. ಜೋಡಿ ನಕ್ಷತ್ರಗಳಾಗಿ ಹುಟ್ಟಿ ಯುಗಯುಗ ಜೊತೆಗೇ ಸುತ್ತಿದ್ರೆ ದಾರಿ ದುಂಡಗಾಗಿರುತ್ತೆ. ನಕ್ಷತ್ರಗಳ ಸಂದಣೀಲಿ ಈಗಷ್ಟೇ ಸಿಕ್ಕಿಬಿದ್ದಿದ್ರೆ ದುಂಡಗಾಗೋಕೆ ಪುರುಸೊತ್ತೆಲ್ಲಿ? ಮೊಟ್ಟೆಯಾಕಾರ! ಇವರಿಬ್ಬರೂ ಅಪರಿಚಿತರಿದ್ದ ಹಾಗೆ. ಮೊಟ್ಟೇನೇ ಬರುತ್ತೆ, ನೋಡ್ತಿರಿ."

ಇಬ್ಬರೂ ಸುತ್ತಿದರು. ಕಾಲು ತೊಡರಲಿಲ್ಲ, ಭುಜ ತಾಗಲಿಲ್ಲ. ಆಕೆ ಹೆಜ್ಜೆ ಕಿರಿದು ಮಾಡಿದರೆ ಗುಮಾಸ್ತನೂ ಮಾಡಿದ.

"ಮೊಟ್ಟೆ ಎಲ್ಲಪ್ಪಾ? ಬಳೆ ಇಟ್ಟು ಗೀಚಿದ ಹಾಗಿದೆ!" ಎಂದರು ಮುಂದಿನ ಸಾಲಿನ ಅಜ್ಜಿ.

ಕುಳಿರಾಯನಿಗೆ ಪ್ರೀತಿಗೀತಿ ಎಲ್ಲ ಮರೆತೇಹೋಯಿತು. ಮಂಡಿಯೂರಿ, ಗೇಣು ಹಾಕಿ ಅಳೆದ. ಈ ಕಡೆ ಅಷ್ಟೇ, ಆ ಕಡೆಯೂ ಅಷ್ಟೇ! "ಅಬ್ಬಾ! ಎಳ್ಳಷ್ಟೂ ಸೊಟ್ಟಿಲ್ಲ!" ಎಂದು ಮೈಕಿನಲ್ಲೇ ಕೂಗಿದ. "ಇದು ಇವತ್ತು ಸಿಕ್ಕವರ ದಾರಿಯೇ ಅಲ್ಲ. ಇವರದು ಬಹಳ ಹಳೇ ಜೋಡಿ!"

ಕೂಗಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು, ಮೈಕನ್ನು ಮೆಲ್ಲಗೆ ಕೆಳಗಿಳಿಸಿದ.

ಮೇಡಂ ಓಡಿಬಂದು ಅವನ ಕೈ ಹಿಡಿದುಕೊಂಡರು. "ಅಯ್ಯೋ, ಎಷ್ಟು ಚೆನ್ನಾಗಿ ಕಂಡುಹಿಡಿದ್ರಿ! ಕಾಲೇಜು ಮುಗೀತಿದ್ದ ಹಾಗೇ ಮದುವೆಯಾದವರು ನಾವು. ಗಂಡಹೆಂಡ್ತಿ ಒಂದೇ ಕಡೆ ಕೆಲಸ ಮಾಡೋ ಹಾಗಿಲ್ವಲ್ಲ, ಅದಕ್ಕೇ ಬಾಯಿ ಮುಚ್ಕೊಂಡಿದ್ವಿ."

"ಆ ನಿಯಮ ತೆಗೆದುಹಾಕಿ ಎಷ್ಟೋ ದಿನ ಆಯ್ತಲ್ರಮ್ಮಾ!" ಎಂದು ನಿರ್ದೇಶಕರು ನಕ್ಕರು. ಸಭೆಯೆಲ್ಲ ಚಪ್ಪಾಳೆ. ಆಮೇಲೆ ಕುಳಿರಾಯನ ಬೆನ್ನು ತಟ್ಟಿ, "ಶಹಭಾಸ್! ಜನ ಇನ್ನೂ ಬರ್ತಿದ್ದಾರೆ. ಸಂಜೆ ತನಕ ಇದೇ ಜೋಡಿ ಸುತ್ತಲಿ. ಇವರು ಒಬ್ಬರಿಗೊಬ್ಬರು ಎಷ್ಟು ಹೊಂದಿಕೊಂಡಿದ್ದಾರೆ ಅಂತ ನೀವು ಬಿಡಿಸಿ ಬಿಡಿಸಿ ಹೇಳ್ತಿರಿ," ಎಂದರು.