ಇಂಗ್ಲಿಷ್ ಸಂಗೀತಕ್ಕೆ ಮಾವನ ಒನ್ಸ್ ಮೋರ್

ನಮ್ಮ ಸೋದರಮಾವ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಕಂಡೆ ಎಂದು ಶಹಾಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅವರು ನೋಡಿದ್ದು ಬೇರೆ ಯಾರನ್ನೋ! ಬಯಲಲ್ಲಿ ಕುರಿ ಕಾಯುತ್ತ ಕೂಗಿ ಕೂಗಿ ಬೆಳೆದ ಗಂಟಲು ಅದು. ಕಂಪನಿ ನಾಟಕಕ್ಕೆ ಹೋದರಂತೂ ಮುಗಿಯಿತು. ಹಾಡು ಹಿಡಿಸಿದರೆ ಎದ್ದು ನಿಂತು "ಒನ್ಸ್ ಮೋರ್!" ಎಂದು ಒದರುತ್ತಿದ್ದರು. ಸುರಪುರದಲ್ಲಿ ಒಮ್ಮೆ ರಾಜ ಸಾಯುವ ಸೀನಿಗೂ ಒದರಿಬಿಟ್ಟರು. ಪಾಪ, ಸತ್ತ ರಾಜ ಎದ್ದು ಇನ್ನೊಮ್ಮೆ ಸತ್ತ! ಪ್ರತಿ ಸಲವೂ ಅತ್ತೆ ಅವರ ಅಂಗಿ ಜಗ್ಗಿ, "ಸುಮ್ನ ಕುಂದರ್ರಿ!" ಎಂದು ಗದರುತ್ತಿದ್ದರು. ಮಾವ ಎಂದಾದರೂ ಕೂತರೇ? ಕೇಳಲೇಬೇಡಿ.

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆದು ಮಾತು ನಿಂತಿತು. ಮಾವ ಫೋನಿನಲ್ಲಿ ಭಜನೆ ಹಚ್ಚಿದರು, ನಾಟಕದ ಹಾಡು ಹಚ್ಚಿದರು. ಅತ್ತೆ ಕಣ್ಣು ಸಹ ತೆರೆಯಲಿಲ್ಲ. ಒಂದು ದಿನ ಬೆರಳು ಎಲ್ಲೋ ತಾಗಿ, ಹೋದ ಶತಮಾನದಲ್ಲಿ ಇಂಗ್ಲೆಂಡಿನ ಯಾರೋ ಪುಣ್ಯಾತ್ಮ ಕಟ್ಟಿದ ವಾದ್ಯಸಂಗೀತ ಶುರುವಾಯಿತು. ಬರೀ ಪಿಟೀಲುಗಳು, ನಿಧಾನ ಅಂದರೆ ನಿಧಾನ. ಅತ್ತೆ ಕಣ್ಣು ತೆರೆದು ಮಾವನನ್ನು ನೋಡಿದರು. ಅಂದಿನಿಂದ ಮನೆಯಲ್ಲಿ ಅದೇ ಸಂಗೀತ. ಕುರಿಗಳೂ ಅದನ್ನು ಕೇಳುತ್ತಲೇ ಮೆಲುಕು ಹಾಕತೊಡಗಿದವು!

ಅದನ್ನೇ ಹೈದರಾಬಾದಿನಲ್ಲಿ ದೊಡ್ಡ ವಾದ್ಯಮೇಳವೊಂದು ನುಡಿಸುತ್ತದೆಂದು ನಾನೇ ಬಾಯಿ ತಪ್ಪಿ ಹೇಳಿದೆ.

"ಮೂರು ಟಿಕೆಟ್ ತಗಿ," ಎಂದರು ಮಾವ.

"ಮಾಮಾ, ನಾವು ಇಬ್ರ ಅಲ್ಲೇನು?"

"ನಿಮ್ಮತ್ತಿಗಿ ಬ್ಯಾಡೇನು? ಖರೇ ವಾದ್ಯ ಕೇಳಿದ್ರ ಆಕಿ ಮಾತಾಡ್ತಾಳ ನೋಡು. ಬೈದ್ರೂ ಸೈ, ಒಂದ್ ಮಾತು ಆಡ್ಲಿ."

ಯಾದಗಿರಿಯಲ್ಲಿ ರೈಲು ಹತ್ತಿ ಹೋದೆವು. ಸಭಾಂಗಣದಲ್ಲಿ ಮಾವ, ಶಹಾಪುರದ ಬಸ್ಸಿನಲ್ಲಿ ಸೀಟು ಹಿಡಿಯುವಂತೆ, ನಮ್ಮಿಬ್ಬರ ನಡುವಿನ ಕುರ್ಚಿಗೆ ಟವೆಲ್ ಒಗೆದರು. ಮನೆಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಟವೆಲಿನ ಕೆಳಗಿಟ್ಟರು. ಅಲ್ಲಿ ಮನೆಯಲ್ಲಿ ಅವರ ಮಗಳು ಅತ್ತೆಯ ಕಿವಿಗೆ ಫೋನು ಹಿಡಿದಿದ್ದಳು. ಸೂಟಿನ ಸಾಹೇಬರೊಬ್ಬರು ಬಂದು ಸೀಟು ಖಾಲಿಯೇ ಎಂದರೆ, ಮಾವ ಟವೆಲ್ ತೋರಿಸಿ, "ಹೆಣ್ಮಕ್ಕಳು ಕುಂತಾರ್ರಿ!" ಎಂದರು. ಸಾಹೇಬರು ಹೆದರಿ ಹಿಂದಿನ ಸಾಲಿಗೆ ಹೋದರು.

ಮೇಳದ ಮುಂದಾಳು ನಮಗೆ ಬೆನ್ನು ಮಾಡಿ, ಕಡ್ಡಿ ಹಿಡಿದು ನಿಂತ. ಮಾವನಿಗೆ ಖುಷಿಯೋ ಖುಷಿ! "ಅಷ್ಟು ಮಂದಿನ್ನ ಒಂದು ಕಡ್ಡ್ಯಾಗ ಕಾಯಾಕತ್ತಾನ. ಕುರಿಯಂವನ ಇರ್ಬೇಕು, ನಮ್ಮಂವ!"

ಆಮೇಲೆ ಅತ್ತೆಯ ಸಂಗೀತ ಬಂತು. ಮಾವ ಉಸಿರು ಬಿಗಿಹಿಡಿದು ಟವೆಲನ್ನೇ ನೋಡುತ್ತಿದ್ದರು. ಕೊನೆಯ ಪಿಟೀಲು ಸಣ್ಣಗಾಗಿ ನಿಂತಿತು. ಮುಂದಾಳು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ, ಒಬ್ಬರೂ ಮಿಸುಕಿರಲಿಲ್ಲ. ಟವೆಲಿನಿಂದಲೂ ಸದ್ದಿಲ್ಲ. ಮಾವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತರು.

"ಒನ್ಸ್ ಮೋರ್!"

ಇಡೀ ಸಭೆ ತಿರುಗಿ ನೋಡಿತು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಆಗ ಟವೆಲಿನ ಕೆಳಗಿಂದ ತೊದಲುವ ದನಿಯೊಂದು ಬಂತು.

"ಸುಮ್ನ... ಕುಂದ... ಕುಂದರ್ರಿ!"

ಮಾವ ಕೂತರು. ನನ್ನಾಣೆಗೂ ಸುಮ್ಮನೆ ಕೂತರು! ಕಣ್ಣೀರು ಮೀಸೆಗಿಳಿಯುತ್ತಿತ್ತು, ನನಗೂ ಅಳು ಬಂದುಬಿಟ್ಟಿತ್ತು. ಆಮೇಲೆ ಅವರು ಮೆಲ್ಲಗೆ ಬಗ್ಗಿ, ಟವೆಲಿನ ಅಂಚು ಎತ್ತಿ, ಜೀವಮಾನದಲ್ಲೇ ಮೊದಲ ಸಲ ಪಿಸುದನಿಯಲ್ಲಿ ಹೇಳಿದರು:

"ಒನ್ಸ್ ಮೋರ್."